ಆರತಿ ಹಾಡಿಗೆ ಸಿಕ್ಕ ಪ್ಲಗ್

ಗೆಳೆಯರೇ, ಇವತ್ತು ದಾವಣಗೆರೆಯಲ್ಲಿ ತಂಗಿಯ ಸೀಮಂತ. ರಜೆ ಸಿಗದೆ ನಾನು ವಿಶಾಖಪಟ್ಟಣದಲ್ಲೇ, ಗಾಜುವಾಕದ ಬಾಡಿಗೆ ಮನೆಯಲ್ಲಿ ಉಳಿದೆ. "ಅಕ್ಕ, ನೀನು ವಿಡಿಯೋದಲ್ಲಿ ಹಾಡೋ ತನಕ ಆರತಿ ಎತ್ತಿಸ್ಕೊಳ್ಳಲ್ಲ" ಎಂದು ಅವಳ ಹಟ.

ಫೋನು ರಿಪೇರಿಗೆ ಹೋಗಿದೆ. ಕೈಯಲ್ಲಿದ್ದದ್ದು ವೈಫೈ ಕೆಟ್ಟ ಟ್ಯಾಬ್. ಅದಕ್ಕೆ ಯುಎಸ್‌ಬಿ ವೈಫೈ ಅಡಾಪ್ಟರ್ ಸಿಕ್ಕಿಸಿ, ಕೆಳಗಿನ ಮನೆಯ ಓನರ್ ಅಮ್ಮನ ಹಾಲ್‌ನಲ್ಲಿ ಕೂತೆ. ನೆಟ್ ಅವರದೇ. ಆದರೆ ಟ್ಯಾಬ್ ಕೊಡುವ ಕರೆಂಟು ಅಡಾಪ್ಟರಿಗೆ ಸಾಲದು. ತಂಗಿಯ ಮುಖ ಕಂಡ ಕೂಡಲೇ ಕಾಲ್ ಕಟ್ಟಾಗುತ್ತಿತ್ತು. ಎರಡರ ನಡುವೆ ಸಿಕ್ಕಿಸಲು, ಚಾರ್ಜರಿನಿಂದ ಕರೆಂಟು ಎಳೆದುಕೊಳ್ಳುವ ಯುಎಸ್‌ಬಿ ಹಬ್ ಒಂದನ್ನು ತಂದಿದ್ದೆ. ಅದರ ವೈರಿಗೆ ಎಟುಕಿದ್ದು ದೇವರ ಗೂಡಿನ ಪ್ಲಗ್ ಒಂದೇ, ಅದರಲ್ಲಿ ಹಗಲೂ ರಾತ್ರಿ ಉರಿಯುವ ಕರೆಂಟ್ ದೀಪ.

ಕೈ ಚಾಚಿದೆ. "ಅದಿ ಮುಟ್ಟುಕೋಕಮ್ಮಾ" ಎಂದು ಓನರ್ ಅಮ್ಮ ತೆಲುಗಿನಲ್ಲಿ ಗದರಿದರು. ಮುಟ್ಟಬಾರದಂತೆ. ಸೀಮಂತ, ಆರತಿ, ತಂಗಿಯ ಹಟ ಎಲ್ಲ ಹೇಳಿದೆ. ಅಮ್ಮ ತಾವೇ ಎದ್ದು ದೀಪದ ಪ್ಲಗ್ ಕಿತ್ತರು. "ಪಾಡಮ್ಮಾ. ದೇವುಡು ಏಮೀ ಅನುಕೋಡು." ಹಾಡಬೇಕಂತೆ, ದೇವರು ಏನೂ ಅಂದುಕೊಳ್ಳುವುದಿಲ್ಲವಂತೆ.

ಅಲ್ಲಿ ಆರತಿ ಬೆಳಗಿತು. ಇಲ್ಲಿ ದೇವರು ಕತ್ತಲಲ್ಲಿ ಕೂತು ಹಾಡು ಪೂರ್ತಿ ಕೇಳಿದ.

ಮುಗಿದ ಮೇಲೆ ಅಮ್ಮನಿಗೆ ಕೈ ಮುಗಿದೆ. ಆಮೇಲೆ ನೆನಪಾಗಿ, ದೇವರಿಗೂ.