ಮೌಸ್ ಅಲ್ಲಾಡಿಸುವ ಕೆಲಸ

ನಮ್ಮತ್ತಿಗೆ ಪೊಲೀಸ್ ಕೆಲಸದಲ್ಲಿದ್ದಾರೆ. ಲಾಠಿ ಹಿಡಿಯೋ ಕೆಲಸ ಅಲ್ಲ, ಮೌಸ್ ಹಿಡಿಯೋ ಕೆಲಸ. ಕಂಪನಿಗಳ ನೆಟ್‌ವರ್ಕ್‌ಗೆ ಕನ್ನ ಹಾಕುವ ಮಕ್ಕಳನ್ನು ಕಂಪ್ಯೂಟರ್ ತೆರೆದಿರುವಾಗಲೇ ಹಿಡಿಯಬೇಕು. ಪರದೆ ಲಾಕ್ ಆಯಿತೋ, ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದಕ್ಕೇ ಅತ್ತಿಗೆ ಮೊದಲು ನುಗ್ಗಿ, "ಕೈ ಮೇಲೆತ್ತು!" ಅಂತ ಕೂಗಿ, ತಜ್ಞರು ಬರುವವರೆಗೆ ಮೌಸ್ ಅಲ್ಲಾಡಿಸುತ್ತಾ ಕೂರುತ್ತಾರೆ. ಸರ್ಕಾರ ಸಂಬಳ ಕೊಡೋದು ಅವರ ಮಣಿಕಟ್ಟಿಗೆ ಅಂತ ಮನೆಯಲ್ಲಿ ತಮಾಷೆ.

ಮೊನ್ನೆ ಸಿಕ್ಕಿದ್ದು ಹದಿನೇಳರ ಹುಡುಗಿ. ಕಂಪನಿಯೊಂದರ ನೆಟ್‌ವರ್ಕ್ ಹೊಕ್ಕು, "ನಿಮ್ಮ ಬೀಗ ಸಡಿಲ" ಅಂತ ಅವರಿಗೇ ಬರೆದಿದ್ದಳಂತೆ. ಬೇಡಿ ಹಾಕುವಾಗ ಅವಳಮ್ಮ, "ಅವಳಿನ್ನೂ ಹಲ್ಲುಜ್ಜಿಲ್ಲ" ಅಂದಳಂತೆ.

ನನಗೆ ಮೈ ಉರಿಯಿತು. "ಬಾಗಿಲು ಹಾರುಹೊಡೆದು ಮಲಗಿದ ಕಂಪನಿಗೆ ಅಯ್ಯೋ ಪಾಪ, ಒಳಹೊಕ್ಕ ಮಗುವಿಗೆ ಬೇಡಿ! ನಿಮಗೇನೂ ಅನ್ನಿಸಲ್ವಾ ಅತ್ತಿಗೆ?"

"ಮೊದಮೊದಲು ಅನ್ನಿಸ್ತಿತ್ತು," ಅಂದು ಅವರು ತಟ್ಟೆ ಒರೆಸಿದರು.

ಆಮೇಲೆ ಊಟಕ್ಕೆ ಕರೆಯಲು ತಮ್ಮ ಮಗಳ ಕೋಣೆಯ ಬಾಗಿಲು ತೆಗೆದರು. ನಾನು ಹಿಂದೆಯೇ ಇದ್ದೆ. ಹುಡುಗಿ ಕಂಪ್ಯೂಟರಿನಲ್ಲಿ ಶಾಲೆಯ ಪ್ರಬಂಧ ಬರೆಯುತ್ತಿದ್ದಳು.

"ಕೈ ಮೇಲೆತ್ತು," ಅಂದರು ಅತ್ತಿಗೆ.

ಅಭ್ಯಾಸಬಲ ಅಂತ ನಾನು ನಗಲು ಹೊರಟೆ. ಹುಡುಗಿ ನಗಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಎರಡೂ ಕೈ ಎತ್ತಿ ಕುರ್ಚಿ ಬಿಟ್ಟು ಗೋಡೆಗೆ ಸರಿದು ನಿಂತಳು.

ಅತ್ತಿಗೆ ಆ ಕುರ್ಚಿಯಲ್ಲಿ ಕೂತು ಮೌಸ್ ಅಲ್ಲಾಡಿಸತೊಡಗಿದರು.