ತಾರೀಖಮ್ಮ ತಪ್ಪಿಸಿದ ತಾರೀಖು

ನಮ್ಮ ದೊಡ್ಡಮ್ಮ ಸೇಡು ಇಟ್ಟುಕೊಳ್ಳುವ ಹೆಂಗಸು. ಅದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ಅವಳೇನೂ ತೀರಿಕೊಂಡಿಲ್ಲ. ಇದನ್ನು ಓದುತ್ತಾಳೆ, ಕನ್ನಡಕವನ್ನು ಹಣೆಗೇರಿಸಿ, "ತಾರೀಖೆಲ್ಲ ಸರಿಯಾಗಿದೆ" ಅನ್ನುತ್ತಾಳೆ. ಅವಳಿಗೆ ಬೇಕಾದದ್ದು ಅಷ್ಟೇ.

ಇಪ್ಪತ್ತೆರಡು ವರ್ಷ ಅವಳು ಒಂದು ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಕಳ್ಳತನ, ಕೊಲೆ, ಗಂಡ ಹೆಂಡಿರ ಜಗಳ ಅಲ್ಲಿಗೆ ಬರುತ್ತಿರಲಿಲ್ಲ. ಕಾರ್ಖಾನೆಯವರು, ಗೋದಾಮಿನವರು, ಕಟ್ಟಡ ಕಟ್ಟುವವರು ಬರುತ್ತಿದ್ದರು. ಉದ್ದನೆಯ ಓಣಿಯಂಥ ಜಾಗದ ಎರಡೂ ಕಡೆ ಐದು ಕೋಣೆಗಳು: ಆಸ್ತಿಗೊಂದು, ಕಂಪನಿಗೊಂದು, ಬ್ಯಾಂಕಿನ ಕೆಲಸಕ್ಕೊಂದು, ಕಾರ್ಮಿಕರ ತಂಟೆಗೊಂದು, ದಾವೆಗೊಂದು. ಓಣಿಯ ಬಾಯಲ್ಲಿ ದೊಡ್ಡಮ್ಮನ ಮೇಜು, ಮೇಜಿನ ಮೇಲೆ ಡೈರಿ. ಯಾವ ಕೋಣೆಯವರಿಗೂ ಅವಳನ್ನು ದಾಟದೆ ನ್ಯಾಯಾಲಯಕ್ಕೆ ಹೋಗಲು ದಾರಿಯಿರಲಿಲ್ಲ. ಎಲ್ಲರೂ ಅವಳನ್ನು ತಾರೀಖಮ್ಮ ಎಂದೇ ಕರೆಯುತ್ತಿದ್ದರು.

ಒಂದು ತಾರೀಖನ್ನು ಅವಳು ಮೂರು ಸಲ ಒಪ್ಪಿಸುತ್ತಿದ್ದಳು. ಡೈರಿಯಲ್ಲಿ ಬರೆಯುವಳು, ಚೀಟಿ ಬರೆದು ವಕೀಲರ ಮೇಜಿನ ಮೇಲಿಡುವಳು, ಹಿಂದಿನ ದಿನ ಎದುರು ನಿಂತು ಬಾಯಲ್ಲಿ ಹೇಳುವಳು. ಯಾರು ಏನು ಹೇಳಿದರೂ ಅವಳ ಉತ್ತರ ಒಂದೇ: "ಬರ್ಕೊಂಡೆ ಸಾರ್." ಅಂದಳೆಂದರೆ ಆ ಕೆಲಸ ಕಲ್ಲಿನಲ್ಲಿ ಕೊರೆದಂತೆ.

ಕಚೇರಿಯ ಯಜಮಾನ ದಾವೆ ಕೋಣೆಯ ಹಿರಿಯ ವಕೀಲ. ಬೆಣ್ಣೆಯಂಥ ಮಾತು, ಇಸ್ತ್ರಿ ಮುರಿಯದ ಕೋಟು. ಯಾವ ಕೆಲಸ ಹೇಳಿದರೂ "ನಾಡಿದ್ದು ನೋಡೋಣ" ಅನ್ನುವುದು ಅವನ ಚಾಳಿ. ಅದಕ್ಕೇ ನಮ್ಮ ಮನೆಯಲ್ಲಿ ಅವನ ಹೆಸರು ನಾಡಿದ್ದು ಸಾಹೇಬ.

ಒಂದು ಕಾಗದ ಕಾರ್ಖಾನೆಯವನ ಮೇಲ್ಮನವಿ ಹಾಕಲು ಕಡೆಯ ದಿನ ಒಂದು ಗುರುವಾರ. ದೊಡ್ಡಮ್ಮ ಬರೆದಳು, ಚೀಟಿ ಇಟ್ಟಳು, ಬುಧವಾರ ಎದುರು ನಿಂತು ಹೇಳಿದಳು. ಸಾಹೇಬ ಗುರುವಾರ ಮಧ್ಯಾಹ್ನವೇ ಕ್ಲಬ್ಬಿಗೆ ಹೋಗಿ ಇಸ್ಪೀಟಿಗೆ ಕೂತ. ಮೇಲ್ಮನವಿ ಹೋಗಲಿಲ್ಲ. ಶುಕ್ರವಾರ ಬೆಳಗ್ಗೆ ನೋಡಿದರೆ ಡೈರಿಯಲ್ಲಿ ಆ ವಾರದ ಹಾಳೆಯೇ ಇಲ್ಲ. ಕಾರ್ಖಾನೆಯವನು ಬಂದು ಕೂಗಾಡಿದಾಗ ಸಾಹೇಬ ಬೆರಳು ತೋರಿಸಿದ್ದು ಓಣಿಯ ಬಾಯಿಗೆ. "ಡೈರಿ ಅವಳದ್ದು. ನಾನು ನೋಡೋದೇ ಇಲ್ಲ. ಅವಳು ಬರೆದಿಲ್ಲ, ನನಗೆ ಗೊತ್ತಾಗ್ಲಿಲ್ಲ."

ಅವಳನ್ನು ಅಂದೇ ಹೊರಗೆ ಹಾಕಿದರು. ದೊಡ್ಡಮ್ಮ ಕಾರ್ಮಿಕ ನ್ಯಾಯಾಲಯಕ್ಕೆ ಹೋದಳು. ಕಚೇರಿಯ ಪರ ಸಾಹೇಬನೇ ನಿಂತು ವಾದಿಸಿ ಗೆದ್ದ. ಆಮೇಲೆ ಯಾವ ವಕೀಲರ ಬಾಗಿಲು ತಟ್ಟಿದರೂ "ತಾರೀಖು ತಪ್ಪಿಸಿದೋರು ನೀವೇ ಅಲ್ವಾ?" ಅನ್ನುತ್ತಿದ್ದರು. ಮಾಡದ ತಪ್ಪಿನ ಗೂಬೆ ತಲೆಯ ಮೇಲೆ ಕೂತರೆ ಎಂಥವರಿಗೂ ಹೊಟ್ಟೆ ಉರಿಯುತ್ತದೆ. ದೊಡ್ಡಮ್ಮ ಅಳಲಿಲ್ಲ. "ಅವನಿಗೂ ಒಂದು ತಾರೀಖು ಬರತ್ತೆ" ಅಂದಳು. ನಮ್ಮಮ್ಮ, "ಬಿಡಕ್ಕ, ಮಾಡಿದ್ದುಣ್ಣೋ ಮಹರಾಯ ಅಂತ ಅವನೇ ಉಣ್ತಾನೆ" ಅಂದಳು. "ಉಣ್ಣೋದನ್ನ ನಾನು ಎದುರು ಕೂತು ನೋಡ್ಬೇಕು" ಅಂದಳು ದೊಡ್ಡಮ್ಮ.

ಕಡೆಗೆ ಅವಳಿಗೆ ಕೆಲಸ ಸಿಕ್ಕಿದ್ದು ಒಂದು ಪುಸ್ತಕದ ಕಚೇರಿಯಲ್ಲಿ. ವರ್ಷಕ್ಕೊಮ್ಮೆ ಬರುವ ದಪ್ಪ ಪುಸ್ತಕ ಅದು. ಯಾವ ವಕೀಲರ ಕಚೇರಿ ಯಾವ ಕೆಲಸದಲ್ಲಿ ಗಟ್ಟಿ, ಯಾವುದರಲ್ಲಿ ಪೊಳ್ಳು ಎಂದು ಅಳೆದು ಹಾಕುತ್ತಾರೆ. ಕಂಪನಿಗಳು ಅದನ್ನು ನೋಡಿಯೇ ವಕೀಲರನ್ನು ಹಿಡಿಯುತ್ತವೆ. ವಕೀಲರು ಪ್ರತಿ ವಿಭಾಗಕ್ಕೂ ತಮ್ಮ ಐದು ಒಳ್ಳೆಯ ಕೆಲಸ ಬರೆದು, ಕಕ್ಷಿದಾರರ ಫೋನ್ ನಂಬರು ಕೊಟ್ಟು ಫಾರಂ ಕಳಿಸಬೇಕು. ಇಲ್ಲಿಯವರು ಆ ಕಕ್ಷಿದಾರರಿಗೆಲ್ಲ ಫೋನ್ ಮಾಡಿ ಕೇಳುತ್ತಾರೆ. ಕೇಳುವ ಕೆಲಸ ದೊಡ್ಡಮ್ಮನದು. ಪುಸ್ತಕದ ಹೆಸರು ಹೇಳಬೇಕು, ತನ್ನ ಹೆಸರು ಯಾರಿಗೂ ಹೇಳಬಾರದು.

ಅವಳನ್ನು ಹೊರಗೆ ಹಾಕಿದ ನಾಲ್ಕನೆಯ ವರ್ಷ ನಾಡಿದ್ದು ಸಾಹೇಬನ ಕಚೇರಿಯ ಫಾರಂ ಅವಳ ಮೇಜಿಗೇ ಬಂತು. ಅವಳು ಅದನ್ನು ಬಿಚ್ಚದೆ ಎತ್ತಿಕೊಂಡು ಸಂಪಾದಕಿಯ ಕೋಣೆಗೆ ಹೋದಳು. ಸಂಪಾದಕಿ ಅಂದರೆ ಕೆಂಪು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡ, ಯಾರನ್ನೂ ನಂಬದ ಹೆಂಗಸು.

"ಇದು ನಾನು ಮಾಡ್ಬಾರ್ದು ಮೇಡಂ. ಇವರು ನನ್ನ ಹೊರಗೆ ಹಾಕಿದೋರು."

"ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಆಮೇಲೆ ಗೊತ್ತಾದ್ರೆ ನಾನು ಬರೆದದ್ದೆಲ್ಲ ಹೊಟ್ಟೆಕಿಚ್ಚು ಅಂತಾರೆ. ಹಾಗಾಗ್ಬಾರ್ದು."

ಸಂಪಾದಕಿ ಪೆನ್ಸಿಲು ತೆಗೆದಳು. ಕಚೇರಿಯಲ್ಲಿದ್ದವರೇ ಮೂವರು, ಒಬ್ಬಳು ಹೆರಿಗೆಗೆ ಹೋಗಿದ್ದಳು. "ಅಂಕ ನಾನು ಹಾಕ್ತೀನಿ. ನೀವು ಕೇಳಿ, ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ. ನಾಲ್ವರಲ್ಲಿ ಒಬ್ಬರಿಗೆ ನಾನೇ ತಿರುಗಿ ಫೋನ್ ಮಾಡ್ತೀನಿ. ಒಂದು ಶಬ್ದ ಹೆಚ್ಚುಕಮ್ಮಿ ಬಂದ್ರೆ ನಾಳೆಯಿಂದ ನೀವು ಬರೋದು ಬೇಡ."

ದೊಡ್ಡಮ್ಮನಿಗೆ ಆಗ ಐವತ್ತಾರು. ಕೆಲಸ ಹೋಗುವುದಿರಲಿ, ತಾರೀಖು ತಪ್ಪಿಸಿದವಳು ಎಂಬ ಹೆಸರಿನ ಜೊತೆಗೆ ಸುಳ್ಳು ಬರೆದವಳು ಎಂಬ ಹೆಸರೂ ಸೇರುತ್ತಿತ್ತು. ಸೇಡು ತೀರಬೇಕು, ಅದರಲ್ಲಿ ತನ್ನದೊಂದು ಶಬ್ದವೂ ಇರಕೂಡದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅವಳು ಆಸ್ತಿ ಕೋಣೆಯಿಂದ ಶುರುಮಾಡಿದಳು. ಅಲ್ಲಿಯ ವಕೀಲೆ ನಲವತ್ತರ ಹೆಂಗಸು, ದಸ್ತಾವೇಜಿನ ಮೂಲೆಮೂಲೆ ಓದುವವಳು. ಕಕ್ಷಿದಾರರೆಲ್ಲ ಅವಳನ್ನು ಬಾಯಿತುಂಬ ಹೊಗಳಿದರು. ಫಾರಂನಲ್ಲಿ ಮಾತ್ರ ಆ ಕೆಲಸಗಳ ಮುಂದೆಲ್ಲ ಸಾಹೇಬನ ಹೆಸರು. "ಹಿರಿಯ ವಕೀಲರು ಮಾಡಿದ್ದಲ್ವಾ ಸಾರ್?" ಎಂದು ಕೇಳಿದರೆ ಒಬ್ಬ ಗೋದಾಮಿನವನು, "ಅವರಾ? ಕಾಫಿ ಕುಡಿಸಿದ್ರು" ಅಂದ. ದೊಡ್ಡಮ್ಮ ಹಾಗೇ ಬರೆದಳು. ಕಂಪನಿಯ ಕೆಲಸ ಪರವಾಗಿಲ್ಲ, ಬ್ಯಾಂಕಿನ ಕೆಲಸ ನಿಧಾನ ಅಂದರು. ಅದನ್ನೂ ಬರೆದಳು.

ದಾವೆ ವಿಭಾಗದ ಪಟ್ಟಿಯಲ್ಲಿ ಅದೇ ಕಾಗದ ಕಾರ್ಖಾನೆಯವನಿದ್ದ.

"ವಾದ ಚೆನ್ನಾಗಿ ಮಾಡ್ತಾರೆ" ಅಂದ ಅವನು. "ಒಂದೇ ಒಂದ್ಸಲ ತಾರೀಖು ತಪ್ಪಿ ಮುಳುಗೋದೆ. ಯಾರೋ ಗುಮಾಸ್ತೆ ಮಾಡಿದ ಕೆಲಸ. ಆ ಹೆಂಗಸು ಕೈಗೆ ಸಿಕ್ಕಿದ್ರೆ ಎರಡು ಬಾರಿಸ್ತಿದ್ದೆ. ಬರ್ಕೊಂಡ್ರಾ?"

ನಾನೇ ಸಾರ್ ಆ ಹೆಂಗಸು, ಹಾಳೆ ಹರಿದವನು ಅವನು, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ಬಾಯಿ ಬಿಟ್ಟರೆ ಬಣ್ಣಗೇಡು. ನುಂಗಿಕೊಂಡು, ಬಾರಿಸುವುದನ್ನೂ ಸೇರಿಸಿ ಬರೆದಳು. ಸಂಪಾದಕಿ ಅವನಿಗೆ ತಿರುಗಿ ಫೋನ್ ಮಾಡಿ ನೋಡಿದಳು. ಒಂದು ಶಬ್ದವೂ ಹೆಚ್ಚಿರಲಿಲ್ಲ.

ಉಳಿದದ್ದು ಕಾರ್ಮಿಕ ವಿಭಾಗ. ಆ ವರ್ಷ ಅವರಲ್ಲಿ ನಾಲ್ಕೇ ಪ್ರಕರಣಗಳಿದ್ದವು. ಐದು ತುಂಬಿಸಲೇಬೇಕಲ್ಲ, ಹಳೆಯದೊಂದನ್ನು ಹುಡುಕಿ ಹಾಕಿದ್ದರು. "ತಾರೀಖುಗಳ ಸಂಪೂರ್ಣ ಹೊಣೆ ಗುಮಾಸ್ತೆಯದೇ, ವಕೀಲರದಲ್ಲ ಎಂದು ಸಾಬೀತುಪಡಿಸಿ ಸಂಸ್ಥೆಯ ಪರ ಜಯ." ಕಕ್ಷಿದಾರರು ಯಾರು? ಅದೇ ಕಚೇರಿ. ಫೋನ್ ನಂಬರು? ಸಾಹೇಬನದೇ. ನನ್ನ ದೊಡ್ಡಮ್ಮನ ಬಾಳು ಹಾಳುಮಾಡಿದ್ದನ್ನು ಆ ಮನುಷ್ಯ ತನ್ನ ಐದನೆಯ ಸಾಧನೆಯೆಂದು ಬರೆದು ಕಳಿಸಿದ್ದ.

ಸಂಪಾದಕಿ ಓದಿ, "ಇವರ ಕಕ್ಷಿದಾರರು ಇವರೇ ಅಂತೆ. ಬರೆದ ಮೇಲೆ ಕೇಳ್ಬೇಕು. ಕೇಳಿ, ನಾನೂ ಕೂತಿರ್ತೀನಿ" ಅಂದಳು. ಎದುರು ಕುರ್ಚಿ ಎಳೆದುಕೊಂಡು, ಫೋನಿನ ಸ್ಪೀಕರು ಹಾಕಿದಳು.

"ನಿಮ್ಮ ವಕೀಲರು ಹೇಗೆ ಕೆಲಸ ಮಾಡಿದ್ರು ಸಾರ್?"

ತನ್ನ ಮದುವೆಗೆ ತಾನೇ ಓಲಗ ಊದಿದ ಹಾಗೆ ಸಾಹೇಬ ಆರು ನಿಮಿಷ ಊದಿದ. ದೊಡ್ಡಮ್ಮ ಮುಂದಿನ ಪ್ರಶ್ನೆಗೆ ಹೋದಳು. ಎಲ್ಲ ಕಕ್ಷಿದಾರರಿಗೂ ಕೇಳುವ ಅಚ್ಚಾದ ಪ್ರಶ್ನೆಯೇ ಅದು. "ತಾರೀಖುಗಳ ವಿಷಯದಲ್ಲಿ?"

"ಅದರಲ್ಲಿ ಮಾತೇ ಇಲ್ಲ. ಪ್ರತಿ ತಾರೀಖನ್ನೂ ನಾನೇ ಖುದ್ದು ನೋಡ್ತೀನಿ. ಗುಮಾಸ್ತರ ಮೇಲೆ ಬಿಡೋದಿಲ್ಲ."

"ಎಷ್ಟು ವರ್ಷದಿಂದ ಸಾರ್?"

"ಆಫೀಸು ಶುರುವಾದಾಗಿಂದ್ಲೂ."

"ಬರ್ಕೊಂಡೆ ಸಾರ್."

ಇಪ್ಪತ್ತೆರಡು ವರ್ಷ ಕೇಳಿದ ಮಾತು, ಮರೆಯುವುದಾದರೂ ಹೇಗೆ. "ಯಾರು ಮಾತಾಡ್ತಿರೋದು?" ಎಂದು ಕೇಳಿದ.

"ಪುಸ್ತಕದ ಕಚೇರಿಯಿಂದ ಸಾರ್. ನೀವು ಹೇಳಿದ್ದನ್ನ ತಿರುಗಿ ಓದಿ ಹೇಳೋದು ನಮ್ಮ ಪದ್ಧತಿ." ಅವಳು ಶಬ್ದ ಬಿಡದೆ ಓದಿದಳು. "ಏನಾದ್ರೂ ಬದಲಾಯಿಸ್ಬೇಕಾ?"

ಅವನು ಫೋನ್ ಇಟ್ಟುಬಿಟ್ಟ.

ಮಾರನೆಯ ದಿನ ಸಂಪಾದಕಿ ಅವನಿಗೆ ಪತ್ರ ಬರೆದಳು. ತಾರೀಖೆಲ್ಲ ಗುಮಾಸ್ತೆಯ ಹೊಣೆ ಎಂದು ಫಾರಂ ಹೇಳುತ್ತದೆ, ಮೊದಲಿನಿಂದಲೂ ನಾನೇ ನೋಡುತ್ತೇನೆ ಎಂದು ನೀವು ಹೇಳುತ್ತೀರಿ, ನಡುವೆ ಕಕ್ಷಿದಾರರೊಬ್ಬರಿಗೆ ತಾರೀಖು ತಪ್ಪಿದ್ದುಂಟು. ಯಾವುದು ನಿಜ ಎಂದು ಹತ್ತು ದಿನದೊಳಗೆ ಬರೆದು ತಿಳಿಸಿ. ಇಲ್ಲವಾದರೆ ದಾವೆ ವಿಭಾಗವನ್ನು ಈ ವರ್ಷ ಪರಿಗಣಿಸುವುದಿಲ್ಲ.

ಮೂರು ಸಲ ನೆನಪಿಸೋಣ ಎಂದವಳು ದೊಡ್ಡಮ್ಮನೇ. ಐದನೆಯ ದಿನ ಇನ್ನೊಂದು ಪತ್ರ, ಎಂಟನೆಯ ದಿನ ಕೈಗೆ ಚೀಟಿ ಕೊಟ್ಟು ಸಹಿ, ಒಂಬತ್ತನೆಯ ದಿನ ಫೋನು. ಹಿಂದೆ ಮಾಡುತ್ತಿದ್ದ ಹಾಗೇ ಮಾಡಿದಳು. ಈ ಸಲ ಒಂದೊಂದಕ್ಕೂ ಸಂಪಾದಕಿಯ ರುಜು ಹಾಕಿಸಿದಳು. ಈ ಹಾಳೆಯನ್ನು ಯಾರೂ ಹರಿಯುವ ಹಾಗಿರಲಿಲ್ಲ.

ಪತ್ರ ಸಾಹೇಬನ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೇ ಇತ್ತಂತೆ. ಹತ್ತನೆಯ ದಿನ ಬೆಳಗ್ಗೆ ಆಸ್ತಿ ವಕೀಲೆ ಹೋಗಿ, "ಇದು ಇವತ್ತೇ ಕೊಡ್ಬೇಕಲ್ವಾ ಸಾರ್?" ಅಂದಳಂತೆ. "ಆ ತಾರೀಖಮ್ಮ ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಡ್ಬೇಕಾ? ನಾಡಿದ್ದು ನೋಡೋಣ" ಅಂದನಂತೆ. ಹೇಗೂ ಸಾಯಂಕಾಲ ಕ್ಲಬ್ಬಿತ್ತು.

ಪುಸ್ತಕ ಬಂತು. ಆಸ್ತಿ ವಿಭಾಗದಲ್ಲಿ ಆ ಕಚೇರಿಗೆ ಮೊದಲ ಸಾಲಿನ ಜಾಗ, ವಕೀಲೆಯ ಹೆಸರಿನ ಸಮೇತ. ದಾವೆ ವಿಭಾಗದಲ್ಲಿ ಒಂದೇ ವಾಕ್ಯ: "ನಿಗದಿತ ತಾರೀಖಿನೊಳಗೆ ಉತ್ತರ ಬಾರದ ಕಾರಣ ಪರಿಗಣಿಸಿಲ್ಲ." ಊರಿನ ವಕೀಲರೆಲ್ಲ ಅದನ್ನು ಓದಿ ನಕ್ಕರು. ಗುಮಾಸ್ತೆ ಹೋಗಿ ನಾಲ್ಕು ವರ್ಷವಾಯಿತು, ಈಗ ತಾರೀಖು ತಪ್ಪಿಸಿದವರು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ವಕೀಲೆ ಆ ಪುಟವನ್ನು ಕತ್ತರಿಸಿಕೊಂಡು ಎರಡು ಬೀದಿ ಆಚೆ ಸ್ವಂತ ಕಚೇರಿ ತೆರೆದಳು. ಅವಳ ಹಿಂದೆ ಅವಳ ಕಕ್ಷಿದಾರರೂ ಹೋದರು.

ಆ ವಾಕ್ಯ ಓದಿದ ಕಾಗದ ಕಾರ್ಖಾನೆಯವನು ಪುಸ್ತಕದ ಕಚೇರಿಗೆ ಫೋನ್ ಮಾಡಿದ. "ಆ ಗುಮಾಸ್ತೆ ಈಗ ಎಲ್ಲಿದಾರೆ ಅಂತ ನಿಮಗೇನಾದ್ರೂ ಗೊತ್ತಾ?"

ಸಂಪಾದಕಿ ಕಿವಿಯ ಪೆನ್ಸಿಲು ತೆಗೆದು ಹೂಂ ಎಂಬಂತೆ ಅಲ್ಲಾಡಿಸಿದಳು.

"ನಾನೇ ಸಾರ್" ಅಂದಳು ದೊಡ್ಡಮ್ಮ.

ಅವನು, "ನಾಲ್ಕು ವರ್ಷ ನಿಮ್ಮನ್ನ ಬೈದೆನಲ್ಲಮ್ಮ" ಅಂದ. ಆ ವಾರವೇ ಸಾಹೇಬನ ಕೋಣೆಯಿಂದ ತನ್ನ ಕಡತಗಳನ್ನೆಲ್ಲ ಎತ್ತಿಸಿದ.

ಇಲ್ಲಿಗೆ ಅವಳ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಒಂದು ತಿಂಗಳ ಮೇಲೆ ಸಾಹೇಬನ ಫೋನು ನೇರವಾಗಿ ಮನೆಗೇ ಬಂತು. ನಾನು ಪಕ್ಕದಲ್ಲೇ ಇದ್ದೆ. ಅವನ ದನಿಯಲ್ಲಿ ಬೆಣ್ಣೆ ಕಡಿಮೆಯಾಗಿತ್ತು.

"ಆದದ್ದಾಯ್ತಮ್ಮ. ಇಲ್ಲಿ ಡೈರಿ ನೋಡೋರೇ ಇಲ್ಲ, ಎಲ್ಲ ಎಡವಟ್ಟಾಗ್ತಿದೆ. ನೀನು ವಾಪಸ್ ಬಂದ್ರೆ ಆಗಿದ್ದು ನನ್ನದೇ ತಪ್ಪು ಅಂತ ಎಲ್ಲರ ಮುಂದೆ ಹೇಳ್ತೀನಿ. ಬುಧವಾರ ಹನ್ನೊಂದು ಗಂಟೆಗೆ ಬಾ, ಎಲ್ಲ ಕೋಣೆಯವರನ್ನೂ ಕರೆದು ಕೂರಿಸಿರ್ತೀನಿ."

ದೊಡ್ಡಮ್ಮ ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದಳು.

"ಬರ್ಕೊಂಡೆ ಸಾರ್" ಅಂದಳು.

ಬುಧವಾರ ಹನ್ನೊಂದಕ್ಕೆ ಅಲ್ಲಿ ಎಲ್ಲ ಕೋಣೆಯವರೂ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಸಾಹೇಬ ಹನ್ನೆರಡರವರೆಗೆ ಬಾಗಿಲು ನೋಡಿದನಂತೆ, ಒಂದರವರೆಗೂ ನೋಡಿದನಂತೆ. ದೊಡ್ಡಮ್ಮ ರಜೆ ಹಾಕಿ, ನಮ್ಮ ಮನೆಯ ಹಜಾರದಲ್ಲಿ ಕಾಲು ಚಾಚಿ ಕೂತು ನಮ್ಮಮ್ಮನ ಜೊತೆ ಅವರೆಕಾಳು ಸುಲಿಯುತ್ತಿದ್ದಳು. ಆಗಾಗ ಗಡಿಯಾರ ನೋಡುತ್ತಿದ್ದಳು, ನೋಡಿದಾಗಲೆಲ್ಲ ಒಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಜೀವಮಾನದಲ್ಲಿ ಅವಳು ತಪ್ಪಿಸಿದ ತಾರೀಖು ಅದೊಂದೇ.