ಸಾಹೇಬರ ಊಟದ ಹೊತ್ತಿನ ಫೋನು

ನನ್ನ ಮೇಜು ಇರುವುದು ನಂಜನಗೂಡಿನಲ್ಲಿ. ನನ್ನ ಜೊತೆ ಕೆಲಸ ಮಾಡುವ ಹೆಂಗಸರು ಬಿಳಿಗೆರೆ, ದೇವನೂರು, ತಿ. ನರಸೀಪುರದ ಸುತ್ತಲ ಊರುಗಳಲ್ಲಿ ಹರಡಿಕೊಂಡಿದ್ದಾರೆ. ಹಸು ಸಾಕುವ ಮನೆಗಳಿಗೆ ಹೋಗಿ ಮೇವು, ಲಸಿಕೆ, ಕರುಗಳ ಆರೈಕೆ ಹೇಳಿಕೊಡುವುದು ಅವರ ಕೆಲಸ. ಈಗ ಎಲ್ಲರ ಸೆರಗಿನಲ್ಲೂ ಮೊಬೈಲು ಇದೆ. ಹೊಸದಾಗಿ ಮೇಲ್ವಿಚಾರಣೆಗೆ ಬಂದವರು, ‘ಕಣ್ಣಿಗೆ ಕಾಣದವರನ್ನು ಹೇಗೆ ಸಂಭಾಳಿಸುತ್ತೀರಿ ಮೇಡಂ?’ ಎಂದು ಕೇಳಿದಾಗ ನಾನು ಹೇಳುವುದು ಇಷ್ಟು: ಜನ ಹೆದರಿಕೊಂಡು ಮಾತ್ರ ಸುದ್ದಿ ಮುಚ್ಚಿಡುವುದಿಲ್ಲ, ಎದುರಿನವರಿಗೆ ಕೊಡುವ ಮರ್ಯಾದೆಗೂ ಮುಚ್ಚಿಡುತ್ತಾರೆ. ಎರಡನೆಯದನ್ನು ಕಂಡುಹಿಡಿಯುವುದು ಕಷ್ಟ.

ಇದು ನನಗೆ ಗೊತ್ತಾದದ್ದು ತೊಂಬತ್ತರ ದಶಕದಲ್ಲಿ, ಒಂದು ನಾಲೆಯ ಏರಿಯ ಮೇಲೆ.

ಬಿ.ಎಸ್ಸಿ. ಮುಗಿಸಿ ತಿ. ನರಸೀಪುರದಲ್ಲಿ ನಾಲೆ ನೋಡಿಕೊಳ್ಳುವ ಒಂದು ಸಣ್ಣ ಕಚೇರಿಗೆ ಸೇರಿದ್ದೆ. ಟೈಪು ಮಾಡುವುದು, ಫೋನು ಹಚ್ಚಿ ಕೊಡುವುದು ನನ್ನ ಕೆಲಸ. ನಮ್ಮ ಸಾಹೇಬರು ಮೈಸೂರು ಪೇಟೆಯಲ್ಲಿ ಬೆಳೆದ ಎಂಜಿನಿಯರು. ದಪ್ಪ ಮೀಸೆ, ಮೃದು ಮಾತು. ನಾಲೆಯುದ್ದಕ್ಕೂ ಒಂದೊಂದು ತೂಬಿಗೆ ಒಬ್ಬೊಬ್ಬ ನೀರಗಂಟಿ. ಗೇಟು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವವರು. ಅವರಿಗೆಲ್ಲ ದಿನಾ ಫೋನು ಮಾಡಬೇಕೆಂದು ಸಾಹೇಬರು ತಾವೇ ನಿಯಮ ಮಾಡಿಕೊಂಡಿದ್ದರು. ಹಿಂದಿನವರು ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ಬೈದು ಹೋಗುತ್ತಿದ್ದರಂತೆ.

ಮಧ್ಯಾಹ್ನ ನೀರಗಂಟಿಗಳು ತಮ್ಮ ತಮ್ಮ ಊರಿನ ಫೋನಿರುವ ಅಂಗಡಿಗೆ ಬಂದು ಕಾಯುತ್ತಿದ್ದರು. ಸಾಹೇಬರು ಟಿಫನ್ ಕ್ಯಾರಿಯರ್ ಬಿಚ್ಚಿ, ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ‘ಊಟಕ್ಕೆ ಕೂತಿದ್ದೀನಪ್ಪಾ, ಹೇಳು, ಎಲ್ಲಾ ಸರಿಯಾಗಿದೆಯಾ?’ ಎನ್ನುತ್ತಿದ್ದರು. ತಾವೂ ಅವರ ಮನೆಯವರೇ ಎಂದು ತೋರಿಸಿಕೊಳ್ಳುವ ಪ್ರೀತಿ ಅದು. ಆ ಕಡೆಯಿಂದ ಒಂದೇ ಉತ್ತರ: ‘ಎಲ್ಲಾ ಸರಿಯಾಗದೆ ಸಾ, ತಾವು ಊಟ ಮಾಡಿ ಸಾ.’ ನಮ್ಮದು ಅಷ್ಟು ಸುಸೂತ್ರವಾದ ನಾಲೆ ಎಂದು ನಾನೂ ನಂಬಿದ್ದೆ.

ಭತ್ತ ನಾಟಿಯ ಕಾಲದ ಒಂದು ಶನಿವಾರ ಸಾಹೇಬರು ಫೋನು ಮುಗಿಸಿ ಸಭೆಗೆಂದು ಮೈಸೂರಿಗೆ ಹೊರಟರು. ನಾನು ಮನೆಗೆ ಹೊರಟವಳು ಹೆಡತಲೆ ಕಡೆಯಿಂದ ಸುತ್ತಿಕೊಂಡು ಹೋಗುವ ಬಸ್ಸು ಹತ್ತಿದೆ. ಅಲ್ಲಿನ ನೀರಗಂಟಿಗೆ ಗೇಟಿನ ತಿರುಪಿಗೆ ಹಚ್ಚುವ ಗ್ರೀಸ್ ಡಬ್ಬಿ ತಲುಪಿಸಬೇಕಿತ್ತು. ಇಳಿದು ಫೋನಿನ ಅಂಗಡಿಗೆ ಹೋದರೆ ಅಂಗಡಿಯಮ್ಮ ಬಾಗಿಲಲ್ಲೇ ನಿಂತು ನಾಲೆಯ ಕಡೆ ನೋಡುತ್ತಿದ್ದಳು.

‘ಅವ ಏರಿತಾವ್ ಅವ್ನೆ ಕನವ್ವ. ಏರಿ ತೂತ್ ಬಿದ್ದದೆ. ಎಗ್ಗಣ ಕೊರ್ದದೋ ಏನೋ, ಕೆಂಪ್ ನೀರು ಬತ್ತಾ ಅದೆ.’

‘ಮಧ್ಯಾಹ್ನ ತಾನೇ ಫೋನಿನಲ್ಲಿ ಎಲ್ಲಾ ಸರಿಯಿದೆ ಅಂದನಲ್ಲಮ್ಮ!’

‘ಇನ್ನೇನಂದಾನು? ಸಾಹೇಬ್ರು ಎಲೆ ಮುಂದೆ ಕೂತವ್ರೆ. ಅನ್ನದ್ ಮುಂದೆ ಕೂತೋರ್ಗೆ ಕೆಟ್ ಸುದ್ದಿ ಏಳಕ್ಕಾದದಾ? ಸಂಜಿಗ್ ಏಳ್ತೀನಿ ಅಂದ್ಬುಟ್ಟು ಓಡ್ದ.’

ನಾನು ಏರಿ ಹತ್ತಿದಾಗ ನೀರಗಂಟಿ ತುಂಬಿದ ನಾಲೆಯೊಳಗೆ ಎದೆಮಟ್ಟ ನಿಂತಿದ್ದ. ಬಿಲದ ಬಾಯಿಗೆ ಹುಲ್ಲಿನ ಕಂತೆ ತುರುಕಿ ಕಾಲಿನಿಂದ ಒತ್ತಲು ಹೋಗಿದ್ದಾನೆ. ನೀರಿನ ಸೆಳೆತ ಕಂತೆಯ ಜೊತೆ ಕಾಲನ್ನೂ ಒಳಗೆ ಎಳೆದುಕೊಂಡುಬಿಟ್ಟಿದೆ. ಮೇಲೆ ಅವನ ಹೆಂಡತಿ, ಗಂಡನ ಕಂಕುಳಿಗೆ ಒಂದು ಹಳೆ ಸೀರೆ ಸುತ್ತಿ ಹೊಂಗೆ ಮರಕ್ಕೆ ಬಿಗಿದು, ತುದಿ ಹಿಡಿದು ಕೂತಿದ್ದಳು.

‘ಬುಡು ಅಂದ್ರೆ ಬುಡ್ನಿಲ್ಲ! ನಾಲೆ ಏನ್ ನಿಮ್ಮಪ್ಪಂದಾ?’

‘ಬಾಯ್ ಮುಚ್ಚೇ, ಮೇಡಮ್ಮೋರು ಬಂದವ್ರೆ,’ ಎಂದ ಅವನು, ತುಟಿ ನೀಲಿಯಾಗಿದ್ದರೂ. ‘ಬನ್ನಿ ಮೇಡಮ್ಮ. ಏನಿಲ್ಲ, ಕಾಲ್ ವಸಿ ಸಿಕ್ಕೊಂಡದೆ.’

ಏರಿಯ ಆಚೆ ಬದಿಯಲ್ಲಿ ಕೆಸರು ನೀರು ಉಕ್ಕುತ್ತಿತ್ತು. ನಾನು ನೋಡುತ್ತಿದ್ದಂತೆ ಮಡಕೆಯಷ್ಟು ಮಣ್ಣು ಕಳಚಿ ಬಿತ್ತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಏರಿ ಒಡೆದರೆ ನಾಲೆಯೆಲ್ಲ ಆ ಬಿಲದಿಂದಲೇ ನುಗ್ಗುತ್ತದೆ, ಅವನನ್ನೂ ಎಳೆದುಕೊಂಡು. ಮೇಲಿನ ಗೇಟು ಇಳಿಸಿ ನೀರು ತಗ್ಗಿಸುವುದೊಂದೇ ದಾರಿ.

ಅಂಗಡಿಗೆ ಓಡಿದೆ. ಕಚೇರಿಗೆ ಫೋನು ಮಾಡಿದರೆ ಬರೀ ರಿಂಗು. ಮೇಲಿನ ಊರಿನ ಸೈಕಲ್ ಶಾಪಿಗೆ ಹಚ್ಚಿ ಅಲ್ಲಿನ ನೀರಗಂಟಿಯನ್ನು ಕರೆಸಿದೆ. ಗೇಟು ಇಳಿಸು ಎಂದೆ.

‘ಸಾಹೇಬ್ರು ಆರ್ಡರ್ ಕೊಟ್ಟವ್ರಾ ಮೇಡಮ್ಮ? ನಾಟಿ ಟೈಮು. ಸುಮ್ಕೆ ನಿಲ್ಸುದ್ರೆ ಜನ ನನ್ನ ಚರ್ಮ ಸುಲೀತರೆ.’

‘ಕೊಟ್ಟಿದ್ದಾರೆ,’ ಎಂದೆ. ಸುಳ್ಳು ಹೇಳುವುದು ಅಷ್ಟು ಸಲೀಸು ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಗೇಟು ಇಳಿದರೂ ನಾಲೆಯಲ್ಲಿರುವ ನೀರು ತಕ್ಷಣ ಇಳಿಯುವುದಿಲ್ಲ. ನೆನಪಿನಲ್ಲಿ ನಾನು ಮತ್ತೆ ಮತ್ತೆ ಮರಳಿ ಹೋಗುವುದು ಆ ಕಾಯುವ ಹೊತ್ತಿಗೆ. ಇಂದಿಗೂ ಬಚ್ಚಲಿನ ತೂತಿನ ಸುತ್ತ ನೀರು ಸುತ್ತುವುದನ್ನು ನೋಡಲಾರೆ, ಮುಖ ತಿರುಗಿಸುತ್ತೇನೆ. ಊರವರು ಹಗ್ಗ ತಂದರು. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಕೆಸರುಗಾಲಲ್ಲೇ ಓಡಿ ಬಂದು ಮೂಟೆಗಳಿಗೆ ಮಣ್ಣು ತುಂಬಿ ಆಚೆ ಬದಿಗೆ ಒಟ್ಟಿದರು. ನಾನು ಸೀರೆಯ ತುದಿ ಹಿಡಿದಿದ್ದೆ. ನನ್ನ ಕೈಯ ಮೇಲೆ ಅವನ ಹೆಂಡತಿಯ ಕೈ. ಅವಳು ಬೈಯುವುದನ್ನು ನಿಲ್ಲಿಸಿದಾಗಲೇ ನನಗೆ ನಿಜವಾದ ಭಯವಾದದ್ದು.

ನೀರು ಅವನ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಸೊಂಟಕ್ಕೆ ಇಳಿಯಿತು. ‘ಬತ್ತಾ ಅದೆ, ಕಾಲು ಬತ್ತಾ ಅದೆ!’ ಎಂದು ಅವನು ಕೂಗಿದ. ಎಲ್ಲರೂ ಒಟ್ಟಿಗೆ ಎಳೆದೆವು. ಕಾಲು ಬಂತು, ಚಡ್ಡಿ ಬರಲಿಲ್ಲ. ಅದನ್ನು ಬಿಲ ಇಟ್ಟುಕೊಂಡಿತು.

‘ಅಯ್ಯೋ ನಿನ್ ಮನೆ ಕಾಯ್ವಾಗ!’ ಎಂದು ಹೆಂಡತಿ ತಾನು ಬಿಗಿದಿದ್ದ ಸೀರೆಯನ್ನೇ ಅವನ ಸೊಂಟಕ್ಕೆ ಸುತ್ತಿ, ಅಳುತ್ತಲೇ ನಗತೊಡಗಿದಳು. ನಾಟಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು ಸೋಬಾನೆ ಹಾಡಲು ಶುರುಮಾಡಿಯೇಬಿಟ್ಟಳು, ‘ಮದುಮಗಳು ಸೀರೆ ಉಟ್ಕೊಂಡ್ ಬಂದಳು’ ಎಂದು ಸ್ಥಳದಲ್ಲೇ ಪದ ಕಟ್ಟಿ. ಅವನು ಸೀರೆಯುಟ್ಟು, ಊದಿದ ಕಾಲು ಚಾಚಿ, ಯಾರೋ ಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತಿದ್ದಾಗ, ಆಗಷ್ಟೇ ತಾನು ಸಿಕ್ಕಿಕೊಂಡಿದ್ದ ಜಾಗದ ಏರಿ ಮೆಲ್ಲಗೆ ಒಳಕ್ಕೆ ಕುಸಿಯಿತು. ನಾಲೆಯಲ್ಲಿ ಆಗ ಮೊಣಕಾಲಷ್ಟೇ ನೀರಿತ್ತು. ನಗು ನಿಂತಿತು, ಮತ್ತೆ ಇನ್ನೂ ಜೋರಾಗಿ ಶುರುವಾಯಿತು. ಅಷ್ಟು ಸಂತೋಷದ ಗುಂಪಿನಲ್ಲಿ ನಾನು ಮತ್ತೆಂದೂ ನಿಂತಿಲ್ಲ.

ಸೋಮವಾರ ಸಾಹೇಬರು ಎಲ್ಲ ನೀರಗಂಟಿಗಳನ್ನೂ ಕಚೇರಿಗೆ ಕರೆಸಿದರು. ನನ್ನ ಸುಳ್ಳನ್ನು ನಾನು ಮೊದಲೇ ಅವರ ಮುಂದೆ ಒಪ್ಪಿಕೊಂಡಿದ್ದೆ. ಅವರು ಹೆಡತಲೆಯವನನ್ನು ಕುರ್ಚಿಯಲ್ಲಿ ಕೂರಿಸಿ, ‘ಯಾಕಪ್ಪಾ ನನಗೆ ಹೇಳಲಿಲ್ಲ?’ ಎಂದರು.

‘ತಾವು ಊಟಕ್ ಕೂತಿದ್ರಿ ಸಾ.’

ಸಾಹೇಬರು ಉಳಿದವರ ಮುಖ ನೋಡಿದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

‘ಹಾಗಾದರೆ ಇಷ್ಟು ದಿನ ನಾನು ಕೇಳಿದ್ದೆಲ್ಲ…’

‘ತಮ್ಮ ಊಟ ಚೆಂದಾಗಾಗ್ಲಿ ಅಂತ ಸಾ,’ ಎಂದ ಮೇಲಿನೂರಿನವನು. ಸಾಹೇಬರು ಮೀಸೆಯೊಳಗೇ ನಗತೊಡಗಿ, ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಮೇಲೆ ಅವರು ಹೇಳಿದ್ದು ಕೆಲವೇ ಮಾತು. ಇನ್ನು ಮೇಲೆ ಫೋನು ಊಟಕ್ಕೆ ಮುಂಚೆ. ಎಲ್ಲಾ ಸರಿಯಿದೆಯಾ ಎಂದು ತಾವು ಕೇಳುವುದಿಲ್ಲ. ಇವತ್ತು ಏನು ಕೆಟ್ಟಿದೆ ಎಂದೇ ಕೇಳುವುದು. ‘ಗೇಟು ಎತ್ತೋಕೆ ನನ್ನ ಕೇಳಿ. ಇಳಿಸೋಕೆ ಯಾರನ್ನೂ ಕೇಳಬೇಡಿ. ಶನಿವಾರದ ಆರ್ಡರು ನಂದೇ. ಆವತ್ತು ಕೊಟ್ಟಿರಲಿಲ್ಲ, ಇವತ್ತು ಕೊಟ್ಟಿದ್ದೀನಿ.’

ಮರುದಿನದಿಂದ ನಮ್ಮ ಫೋನಿಗೆ ಕೆಟ್ಟ ಸುದ್ದಿಯ ಪ್ರವಾಹ. ತೂಬು ಸೋರುತ್ತಿದೆ, ತಿರುಪು ಸವೆದಿದೆ. ಜೊತೆಗೆ, ಎಮ್ಮೆ ಹಾಲು ಕೊಡುತ್ತಿಲ್ಲ, ಅತ್ತೆ ಬಂದವಳು ಹೋಗುತ್ತಿಲ್ಲ. ‘ಅತ್ತೆ ವಿಷಯ ಇಲಾಖೆಗೆ ಬರಲ್ಲಪ್ಪಾ,’ ಎಂದು ಸಾಹೇಬರು ಗಂಭೀರವಾಗಿ ಹೇಳುತ್ತಿದ್ದರು. ಎಮ್ಮೆಯ ಸುದ್ದಿ ಹೇಳಲು ಅಂಜದವನು ಬಿಲದ ಸುದ್ದಿಯನ್ನೂ ಹೇಳುತ್ತಾನೆ ಎಂದು ನಾನು ಕಲಿತೆ. ಅದಕ್ಕೇ ಈಗ ನನ್ನ ಹೆಂಗಸರು ಫೋನಿನಲ್ಲಿ ಮನೆ ರಾಮಾಯಣ ಶುರುಮಾಡಿದರೆ ತಡೆಯುವುದಿಲ್ಲ.

ಆದರೆ ಹೆಡತಲೆಯವನಿಗೆ ಒಳಗೇ ಅಳುಕಿತ್ತು. ಸಾಹೇಬರ ಮಾತು ಎಷ್ಟು ದಿನ ನಿಲ್ಲುತ್ತದೋ, ಒಂದು ಸಲ ತಪ್ಪಾಗಿ ಗೇಟು ಇಳಿಸಿದರೆ ಕೆಲಸ ಇರುತ್ತದೋ ಇಲ್ಲವೋ ಎಂದು. ಅದು ಗೊತ್ತಾಗುವ ದಿನವೂ ಬಂತು. ಏರಿಯಲ್ಲಿ ಒದ್ದೆ ಕಂಡು ಅವನು ಯಾರನ್ನೂ ಕೇಳದೆ ಗೇಟು ಇಳಿಸಿದ. ನೋಡಿದರೆ ಅದು ಎಮ್ಮೆಗಳು ಮೈ ಕೊಡವಿ ಹೋದ ನೀರು. ಕೆಳಗಿನ ರೈತರಿಗೆ ನೀರಿನ ಸರದಿ ತಪ್ಪಿತು. ಅವರು ಟ್ರ್ಯಾಕ್ಟರ್ ತುಂಬಿಕೊಂಡು ಬಂದು ಕಚೇರಿಯ ಮುಂದೆ ಕೂಗಾಡಿದರು. ‘ಎಲ್ಲವ್ನೆ ಆ ನೀರಗಂಟಿ? ಯಾವನ್ಲಾ ಗೇಟ್ ನಿಲ್ಸ್ದೋನು?’

ಅವನು ನನ್ನ ಮೇಜಿನ ಪಕ್ಕ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಸಾಹೇಬರು ಎದ್ದು ಹೊರಗೆ ಹೋದರು. ‘ನಿಲ್ಲಿಸಿದ್ದು ನಾನು,’ ಎಂದರು. ‘ನಿಮ್ಮ ಸರದಿ ಇವತ್ತೇ ತುಂಬಿ ಕೊಡುತ್ತೇನೆ. ಬೈಯೋದಿದ್ದರೆ ನನಗೆ ಬೈಯಿರಿ.’

ರೈತರು ಬೈದರು, ಚೆನ್ನಾಗಿಯೇ ಬೈದರು. ಸಾಹೇಬರು ಕೈಕಟ್ಟಿ ಕೇಳಿಸಿಕೊಂಡರು. ಒಳಗೆ ನೀರಗಂಟಿ ಗೋಡೆ ಬಿಟ್ಟು ಕಿಟಕಿಯ ಹತ್ತಿರ ಬಂದು ಇಣುಕಿದ. ಅವನ ಅಳುಕು ಇಳಿದದ್ದು ನನಗೆ ಕಂಡಿತು.

‘ಮೇಡಮ್ಮ,’ ಎಂದ ಮೆಲ್ಲಗೆ, ‘ನಮ್ಮ್ ಸಾಹೇಬ್ರಿಗೆ ಬೈಸ್ಕೊಳ್ಳಕ್ಕೇ ಬರಕಿಲ್ಲ. ನೋಡಿ, ಎಂಗ್ ನಗ್ತಾ ನಿಂತವ್ರೆ. ತಲೆ ತಗ್ಗುಸ್ಬೇಕು ಅಂತ ಯಾರಾರಾ ಏಳ್ಕೊಡ್ಬೇಕಲ್ವಾ?’

ಹೇಳಿ, ತಾನೇ ಹೊರಗೆ ಹೋಗಿ ಸಾಹೇಬರ ಪಕ್ಕದಲ್ಲಿ ನಿಂತುಕೊಂಡ.